ಹಗ್ಗದ ಬೀದಿಯ ಪಾದ

ನಾನು ಹುಟ್ಟಿದ ಊರಿನಲ್ಲಿ ಬಟ್ಟೆಯ ಮೇಲೆ ಪಾದ ಮೂಡಿದವರು ಇದ್ದರು. ಮೂಡದವರು ಇರಲಿಲ್ಲ.

ವರ್ಷಕ್ಕೊಂದು ಸಲ, ಮಳೆ ನಿಂತು ಹೊಂಡಗಳು ಇನ್ನೂ ತುಂಬಿರುವ ದಿನಗಳಲ್ಲಿ, ಗುಡ್ಡದ ಮೇಲಿನ ಅಳತೆಮನೆಯಿಂದ ಬಿಳಿ ಬಟ್ಟೆಯ ಸುರುಳಿಗಳು ಇಳಿದು ಬರುತ್ತಿದ್ದವು. ಬೀದಿಗೊಂದು ಸುರುಳಿ. ಬಿಚ್ಚಿದರೆ ಉದ್ದಕ್ಕೂ ಕಪ್ಪು ದಾರದಲ್ಲಿ ಹೊಲಿದ ಚೌಕಗಳು, ತಲೆಗೊಂದರಂತೆ. ಕೆಮ್ಮಣ್ಣು ಕಲಸಿದ ನೀರಿನಲ್ಲಿ ಬಲಗಾಲು ಅದ್ದಬೇಕು, ನಿಮ್ಮ ಚೌಕದಲ್ಲಿ ಊರಬೇಕು, ಎತ್ತಬೇಕು. ಅಷ್ಟೇ ಕೆಲಸ. ಸಂಜೆಗೆ ಸುರುಳಿ ಮತ್ತೆ ಗುಡ್ಡ ಹತ್ತುತ್ತಿತ್ತು.

ಗುಡ್ಡದ ಮೇಲೆ ಬಟ್ಟೆ ಓದುವವನು ಇದ್ದ. ಬಿದಿರಿನ ಅಳತೆಕೋಲು ಹಿಡಿದು ಅವನು ಒಂದೊಂದೇ ಪಾದವನ್ನು ಓದುತ್ತಿದ್ದ. ಮಡಕೆಯ ಬೀದಿಯವರ ಹಿಮ್ಮಡಿ ಒಡೆದಿದ್ದರೆ ಅದು ಬಟ್ಟೆಯ ಮೇಲೆ ಕಾಣುತ್ತಿತ್ತು. ತೊಳೆಯುವ ಬೀದಿಯವರ ಬೆರಳುಸಂದು ಕೊಳೆತಿದ್ದರೆ ಅದೂ ಕಾಣುತ್ತಿತ್ತು. ಓದಿ ಮುಗಿದ ಮೇಲೆ ಅವನು ಹೊಳೆದಂಡೆಯಲ್ಲಿ ಆಯಾ ಬೀದಿಯ ಕಡವಿನಲ್ಲಿ ಹಳದಿ ಬಾವುಟ ಏರಿಸಲು ಹೇಳಿಕಳಿಸುತ್ತಿದ್ದ. ಬಾವುಟ ಇದ್ದಲ್ಲಿ ಮದ್ದಿನ ದೋಣಿ ನಿಲ್ಲುತ್ತಿತ್ತು. ಇಲ್ಲದಲ್ಲಿ ನಿಲ್ಲುತ್ತಿರಲಿಲ್ಲ.

ಕಟ್ಟಳೆ ಒಂದೇ. ಪಾದ ಗೆರೆಯೊಳಗೆ ಇರಬೇಕು. ಊರು ಕಟ್ಟಿದವನ ಪಾದಕ್ಕೆ ಸುತ್ತ ಒಂದೊಂದು ಬೆರಳು ಜಾಗ ಬಿಟ್ಟು ಆ ಚೌಕವನ್ನು ಮಾಡಿದ್ದರಂತೆ. ಅದಕ್ಕಿಂತ ದೊಡ್ಡ ಪಾದ ಮನುಷ್ಯರಿಗೆ ಇರುವುದಿಲ್ಲ ಎಂದು ಅವರು ತಿಳಿದಿದ್ದರು. ಗೆರೆ ದಾಟಿದ ಗುರುತು ಪಾದವಲ್ಲ, ಕಲೆ. ಕಲೆಯನ್ನು ಅಳತೆಮನೆಯ ಕೊಳದಲ್ಲಿ ತೊಳೆದುಬಿಡುತ್ತಿದ್ದರು. ತೊಳೆದುಹೋದವರು ಮುಂದಿನ ಬಟ್ಟೆ ಬರುವವರೆಗೆ ಊರಿನಲ್ಲಿ ಇರುತ್ತಿರಲಿಲ್ಲ.

ಇರುತ್ತಿರಲಿಲ್ಲ ಅಂದರೆ ಸಾಯುತ್ತಿದ್ದರು ಅಂತಲ್ಲ. ಯಾರೂ ಅವರನ್ನು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ನಮ್ಮೂರಿನವರು ಮರ್ಯಾದಸ್ಥರು. ದಾರಿಯಲ್ಲಿ ಎದುರಾದರೆ ಗಾಳಿಗೆ ಜಾಗ ಕೊಟ್ಟ ಹಾಗೆ ಪಕ್ಕಕ್ಕೆ ಸರಿಯುತ್ತಿದ್ದರು. ಬಾವಿಯ ಹತ್ತಿರ ಅವರ ಸರದಿ ಬರುತ್ತಿರಲಿಲ್ಲ. ಅವರು ಮಾತಾಡಿದ್ದು ಕೇಳಿಸುತ್ತಿರಲಿಲ್ಲ. ಅವರ ಮಾತನ್ನು ಯಾರಾದರೂ ಎತ್ತಿದರೆ, ಎತ್ತಿದವರ ಪಾದವನ್ನೂ ತೊಳೆಯುತ್ತಿದ್ದರು.

ನಮ್ಮದು ಹಗ್ಗದ ಬೀದಿ. ತೆಂಗಿನ ಸಿಪ್ಪೆಯನ್ನು ಹೊಂಡದಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ನಾರು ತೆಗೆದು, ಹಗ್ಗ ಹೊಸೆಯುತ್ತಿದ್ದೆವು. ಬೀದಿಯ ತಲೆಯಲ್ಲಿ ಒಂದು ಮರದ ಚಕ್ರ. ಒಬ್ಬರು ಕೂತು ಚಕ್ರ ತಿರುಗಿಸಬೇಕು. ಉಳಿದವರು ಸೊಂಟಕ್ಕೆ ನಾರು ಕಟ್ಟಿಕೊಂಡು, ಎಳೆ ಬಿಡುತ್ತಾ, ಚಕ್ರದ ಕಡೆಗೆ ಮುಖ ಮಾಡಿ ಹಿಂದೆ ಹಿಂದೆ ನಡೆಯಬೇಕು. ಬೆಳಗಿನಿಂದ ಸಂಜೆಯವರೆಗೆ ಹಿಂದಕ್ಕೆ ನಡೆಯುವ ಬೀದಿ ನಮ್ಮದು. ಹಗ್ಗದ ಬೀದಿಯವರ ಹೆಜ್ಜೆ ಹಿಡಿದು ಹೋದರೆ ಅವರು ಸಿಗುವುದಿಲ್ಲ ಅಂತ ಊರಿನಲ್ಲಿ ಒಂದು ನಗೆಮಾತಿತ್ತು.

ಹೊಂಡದ ನೀರು ಕಪ್ಪು. ಸಂಜೆಯಾದರೆ ಅದರ ಮೇಲಿಂದ ಸೊಳ್ಳೆಗಳು ಹೊಗೆಯ ಹಾಗೆ ಏಳುತ್ತಿದ್ದವು. ಮೊದಲು ಚಳಿಜ್ವರ ಬರುತ್ತಿತ್ತು. ತೊಡೆಸಂದಿನಲ್ಲಿ ಗಂಟು ಕಟ್ಟುತ್ತಿತ್ತು. ಜ್ವರ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಆಮೇಲೆ ಒಂದು ದಿನ ಕಾಲು ದಪ್ಪವಾಗಲು ಶುರುವಾಗುತ್ತಿತ್ತು, ಮತ್ತೆ ನಿಲ್ಲುತ್ತಿರಲಿಲ್ಲ. ಬೇರೆ ಊರುಗಳಲ್ಲಿ ಆ ಕಾಲಿಗೆ ಆನೆಯ ಹೆಸರಿಟ್ಟಿದ್ದಾರೆ ಅಂತ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ನಮ್ಮೂರಿನಲ್ಲಿ ಅದಕ್ಕೆ ಹೆಸರಿರಲಿಲ್ಲ. ಚೌಕದೊಳಗೆ ಹಿಡಿಸದ್ದಕ್ಕೆ ಹೆಸರಿಡುವವರು ಯಾರು?

ನಮ್ಮ ಬೀದಿಯಲ್ಲಿ ಬಟ್ಟೆ ಹಾಸುವವಳು ನನ್ನ ತಾಯಿ. ಮನೆಮನೆಯ ಮುಂದೆ ಸುರುಳಿ ಬಿಚ್ಚುವುದು, ಕೆಂಪು ನೀರಿನ ಬೋಗುಣಿ ಇಡುವುದು, ಚೌಕ ತೋರಿಸುವುದು ಅವಳ ಕೆಲಸ. ಮೊದಲು ಗೆರೆ ದಾಟಿದ ಕಾಲು ಅವಳ ಅಕ್ಕನದು, ನನ್ನ ದೊಡ್ಡಮ್ಮನದು. ಬೀದಿಗೆಲ್ಲ ದೊಡ್ಡ ಬಾಯಿ ನನ್ನ ದೊಡ್ಡಮ್ಮನದು. ಅವಳು ಕೂಗಿದರೆ ಆಚೆ ದಡದ ಕೊಕ್ಕರೆ ಏಳುತ್ತದೆ ಅನ್ನುತ್ತಿದ್ದರು. ಅವಳ ಚೌಕವನ್ನು ತೊಳೆದ ವರ್ಷ, ಅವಳು ಕೊಡ ಹಿಡಿದು ಬಾವಿಕಟ್ಟೆಯ ಹತ್ತಿರ ನಿಂತಳು. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಬಂದವರೆಲ್ಲ ನೀರು ಸೇದಿಕೊಂಡು ಹೋದರು. ಅವಳು ಕೂಗಿದಳು. ಕೊಕ್ಕರೆ ಎದ್ದಿತು. ಮನುಷ್ಯರು ಯಾರೂ ತಿರುಗಲಿಲ್ಲ.

ಮರುವರ್ಷ ಸುರುಳಿ ಬಂದಾಗ ದೊಡ್ಡಮ್ಮ ತನ್ನ ಚೌಕದ ಮುಂದೆ ನಿಂತು ಕಾಲು ಎತ್ತಲಿಲ್ಲ. ತಾಯಿ ಅವಳ ಮುಖ ನೋಡಿದಳು, ಕಾಲು ನೋಡಿದಳು, ಗೆರೆ ನೋಡಿದಳು. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿದಳು. ತನ್ನ ಬಲಗಾಲನ್ನು ಎರಡನೆಯ ಸಲ ಕೆಂಪು ನೀರಿನಲ್ಲಿ ಅದ್ದಿ, ಅಕ್ಕನ ಚೌಕದಲ್ಲಿ ಊರಿ, ಎತ್ತಿದಳು.

"ಈಗ ಇದ್ದೀಯ," ಅಂದಳು.

ಪಕ್ಕದ ಮನೆಯವಳು ಅದನ್ನು ನೋಡಿದ್ದಳು. ಮುಂದಿನ ಸಲ ಗಂಡನನ್ನು ಕೈಹಿಡಿದು ಕರೆತಂದಳು. "ಅಕ್ಕಾ, ಇವರಿಗೂ ಒಂದು ಇಟ್ಟುಬಿಡಿ. ನಿಮಗೇನು, ಕಾಲು ತೊಳಕೊಂಡರೆ ಆಯ್ತು." ಅದರ ಮುಂದಿನ ಸಲ ಆರು ಜನ. ಅದರ ಮುಂದಿನ ಸಲ ಹತ್ತು. ಒಳ್ಳೆಯ ಕಾಲಿನವರು ಬೇರೆ ಬೀದಿಗಳಿಗೆ ಮದುವೆಯಾಗಿಯೋ ಬಿಟ್ಟೋ ಹೋಗುತ್ತಿದ್ದರು. ಉಳಿದವರ ಕಾಲು ಒಂದೊಂದಾಗಿ ಗೆರೆ ದಾಟುತ್ತಿತ್ತು. ಹನ್ನೊಂದನೆಯ ವರ್ಷಕ್ಕೆ ಬೀದಿಯಲ್ಲಿ ಮೂವತ್ತಮೂರು ಜನ. ಒಂದು ಪಾದ ತಾಯಿಯದು, ಒಂದು ನನ್ನದು, ಮೂವತ್ತೊಂದು ಪಾದ ತಾಯಿ ಕೊಟ್ಟದ್ದು.

ಅವಳ ಹಿಮ್ಮಡಿಯಲ್ಲಿ ಒಂದು ಗೀರು ಇತ್ತು. ಚಿಕ್ಕಂದಿನಲ್ಲಿ ತೆಂಗಿನಕಾಯಿ ಸುಲಿಯುವ ಗೂಟ ತಾಗಿ ಆದದ್ದು, ಬಿದಿಗೆಯ ಚಂದ್ರನ ಹಾಗೆ. ಆ ಗೀರು ಮೂವತ್ತೆರಡು ಚೌಕಗಳಲ್ಲೂ ಮೂಡುತ್ತಿತ್ತು. ಗುಡ್ಡದ ಮೇಲೆ ಬಟ್ಟೆ ಓದುವವನು ಅದನ್ನು ಬಹಳ ಮೆಚ್ಚಿಕೊಂಡಿದ್ದನಂತೆ. ಹಗ್ಗದ ಬೀದಿಯವರಿಗೆ ಹಿಮ್ಮಡಿಯಲ್ಲಿ ಹುಟ್ಟುಗುರುತು ಬರುತ್ತದೆ, ಅದು ಅವರ ಆರೋಗ್ಯದ ಲಕ್ಷಣ ಎಂದು ಅವನು ಓಲೆಯಲ್ಲಿ ಬರೆದಿಟ್ಟನಂತೆ. ವರ್ಷ ವರ್ಷವೂ ಆ ಬೀದಿಯ ಪಾದಗಳು ಒಂದರಂತೆ ಇನ್ನೊಂದು ಆಗುತ್ತಿವೆ, ಅಲ್ಲಿ ರೋಗವೇ ಇಲ್ಲ ಎಂದು ಊರಿಗೆಲ್ಲ ಓದಿ ಹೇಳಿಸಿದ. ಮೆಚ್ಚುಗೆಗೆ ವರ್ಷಕ್ಕೊಂದು ಹಿತ್ತಾಳೆಯ ಪಾದ ಕಳಿಸುತ್ತಿದ್ದ. ಅವನ್ನು ಬೀದಿಯ ತಲೆಯ ಕಂಬಕ್ಕೆ ತೂಗುಹಾಕುತ್ತಿದ್ದೆವು. ಗಾಳಿ ಬಂದಾಗ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

"ಕರಗಿಸಿ ಚೊಂಬು ಮಾಡಿಸಿದರೂ ಉಪಯೋಗಕ್ಕೆ ಬರ್ತಿತ್ತು," ಅನ್ನುತ್ತಿದ್ದಳು ದೊಡ್ಡಮ್ಮ.

ದೋಣಿ ಬರುತ್ತಿತ್ತು. ನಮ್ಮ ಕಡವಿನ ಮುಂದೆ ಹಾಯುವಾಗ ದೋಣಿಯವರು ಹುಟ್ಟುಗಳನ್ನು ನೀರಿನಿಂದ ಮೇಲೆತ್ತಿ ಹಿಡಿಯುತ್ತಿದ್ದರು. ಆರೋಗ್ಯವಂತರ ಬೀದಿಗೆ ಮಾಡುವ ಗೌರವ ಅದು. ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ದಡದಲ್ಲಿ ಮೂವತ್ತಮೂರು ಜನ ನಿಂತು ಕೈ ಮುಗಿಯುತ್ತಿದ್ದೆವು. ದೋಣಿ ಮಡಕೆಯ ಬೀದಿಗೆ ಹೋಗುತ್ತಿತ್ತು.

ಹನ್ನೆರಡನೆಯ ವರ್ಷ ತಾಯಿಗೆ ಜ್ವರ ಬಂತು.

ಮಳೆಯಲ್ಲಿ ನೆನೆದದ್ದಕ್ಕೆ ಅಂದಳು. ಬಿಟ್ಟಿತು, ಮತ್ತೆ ಬಂತು. ಸೀರೆಯನ್ನು ನೆಲಕ್ಕೆ ತಾಗುವಷ್ಟು ಇಳಿಸಿ ಉಡಲು ಶುರುಮಾಡಿದಳು. ಒಂದು ಮಧ್ಯಾಹ್ನ ನಾನು ಚಕ್ರದ ಕೆಲಸ ಬಿಟ್ಟು ನೀರು ಕುಡಿಯಲು ಒಳಗೆ ಬಂದಾಗ, ಅವಳು ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಲ್ಲಿ ಒಂದು ಚೌಕ ಬರೆದು, ಅದರೊಳಗೆ ಒದ್ದೆ ಕಾಲು ಊರಿ ನಿಂತಿದ್ದಳು. ಕಾಲು ಎತ್ತಿದಳು. ಕಿರುಬೆರಳಿನ ಪಕ್ಕದಲ್ಲಿ ಒದ್ದೆ ಗುರುತು ಗೆರೆಯನ್ನು ಒಂದು ಜೋಳದ ಕಾಳಿನಷ್ಟು ದಾಟಿತ್ತು.

"ಇದ್ದಿಲು ಸರಿಯಾಗಿ ಎಳೆದಿಲ್ಲ," ಅಂದಳು. ಅಳಿಸಿ ಮತ್ತೆ ಬರೆದಳು. ಮತ್ತೆ ಊರಿದಳು. ಮತ್ತೆ ಎತ್ತಿದಳು.

ಬಟ್ಟೆ ಬರುವ ಮೂರು ದಿನ ಮೊದಲು ಬೀದಿಯವರೆಲ್ಲ ನಮ್ಮ ಮನೆಗೆ ಬಂದರು. ಜಗುಲಿ ತುಂಬಿತು, ಅಂಗಳ ತುಂಬಿತು. ಒಬ್ಬರ ಕಾಲೂ ಮಡಚುತ್ತಿರಲಿಲ್ಲವಾದ್ದರಿಂದ ಎಲ್ಲರೂ ಕಾಲು ನೀಡಿ ಕೂತಿದ್ದರು. ನಡುವೆ ದಾಟಲು ಜಾಗವಿರಲಿಲ್ಲ.

"ಉಪ್ಪುನೀರಿನ ಪಟ್ಟಿ ಕಟ್ಟಿದರೆ ಇಳಿಯುತ್ತೆ," ಅಂದ ಪಕ್ಕದ ಮನೆಯವಳ ಗಂಡ.

"ನಿನ್ನದು ಇಳಿಯಿತಾ?" ಅಂದಳು ದೊಡ್ಡಮ್ಮ.

ನನಗಿಂತ ಮೊದಲು ಚಕ್ರ ತಿರುಗಿಸುತ್ತಿದ್ದ ಚಕ್ರದಜ್ಜ, ಬೀದಿಗೆಲ್ಲ ಹಿರಿಯ, ಮನೆಯ ಮಾಡಿನ ಕಡೆಗೆ ನೋಡುತ್ತಾ ಹೇಳಿದ: "ಮಗಳ ಪಾದ ಇದೆಯಲ್ಲ."

ಎಲ್ಲರೂ ನನ್ನ ಕಾಲು ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಕಾಲಿನ ಮೇಲೆ ಇನ್ನೊಂದನ್ನು ಇಟ್ಟು ಮರೆಮಾಡಿದೆ.

"ಸಣ್ಣದಾಯ್ತು," ಅಂದರು ಒಬ್ಬರು.

"ಸಣ್ಣದಾದರೇನು, ಗೆರೆಯೊಳಗೆ ಇರುತ್ತಲ್ಲ."

"ಆ ಗೀರು? ಹಿಮ್ಮಡಿಯ ಗೀರು ಇಲ್ಲವಲ್ಲ! ಓದುವವನು ಅದನ್ನೇ ಹುಡುಕ್ತಾನೆ."

"ಅದಕ್ಕೇನು, ಸುಲಿಯೋ ಗೂಟಕ್ಕೆ ಒಂದು ಸಲ ತಾಗಿಸಿದರೆ ಬರುತ್ತೆ."

ಯಾರೋ ನಕ್ಕರು. ಹೇಳಿದವಳು ನಗಲಿಲ್ಲ. ಅವಳು ಕೆಟ್ಟವಳಲ್ಲ, ನನಗೆ ಜಡೆ ಹೆಣೆದು ಹೂ ಮುಡಿಸಿದವಳು. ಬಾವಿಕಟ್ಟೆಯ ಬಳಿ ಕೊಡ ಹಿಡಿದು ನಿಲ್ಲುವುದನ್ನು ನೆನೆದು ಅವಳ ತುಟಿ ಒಣಗಿತ್ತು.

ತಾಯಿ ಚಕ್ರದಜ್ಜನ ಕಡೆ ತಿರುಗಿದಳು. "ಇವಳು ಎಷ್ಟು ವರ್ಷ ಇಡಬೇಕು?" ಅಂದಳು.

"ಇಡೋಕಾಗೋವಷ್ಟು ವರ್ಷ," ಅಂದ ಚಕ್ರದಜ್ಜ.

"ಆಮೇಲೆ?"

"ಆಮೇಲೆ ಇವಳಿಗೂ ಒಬ್ಬಳು ಮಗಳು ಹುಟ್ಟುತ್ತಾಳಲ್ಲಮ್ಮ."

ತಾಯಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ತನ್ನ ಬಲಗಾಲನ್ನು ಎಲ್ಲರ ಕಾಲುಗಳ ನಡುವೆ ನೀಡಿದಳು. ಮೂವತ್ತೆರಡನೆಯ ಕಾಲು.

"ಹನ್ನೊಂದು ವರ್ಷ ದೋಣಿಯನ್ನು ವಾಪಸು ಕಳಿಸಿದ್ದು ಈ ಕಾಲು," ಅಂದಳು.

"ಬಿಡ್ತು ಅನ್ನು ತಾಯೀ. ನೀನು ನಮ್ಮನ್ನು ಉಳಿಸಿದವಳು."

"ಗುಡ್ಡದ ಮೇಲೆ ಹಗ್ಗದ ಬೀದಿಯದು ಮೂವತ್ತಮೂರು ಒಳ್ಳೆ ಕಾಲಿದೆ. ಇಲ್ಲಿ ಎಷ್ಟಿದೆ? ನೀವೇ ಹೇಳಿ." ನನ್ನ ಕಾಲು ತೋರಿಸಿದಳು. "ಒಂದಿದೆ. ಆ ಒಂದನ್ನು ಮೂವತ್ತಮೂರು ಮಾಡಿ ಕಳಿಸಿದರೆ ದೋಣಿ ಈ ವರ್ಷವೂ ಹುಟ್ಟು ಎತ್ತಿ ಮುಂದೆ ಹೋಗುತ್ತೆ. ಇವಳಿಗೆ ಜ್ವರ ಬರುತ್ತೆ. ಈ ವರ್ಷ ಅವರವರ ಕಾಲು ಅವರವರೇ ಇಡಿ."

"ಅಂದರೆ ಬೀದಿಯೇ ಇರೋದಿಲ್ಲ," ಅಂದ ಚಕ್ರದಜ್ಜ.

"ಇವಳು ಇರ್ತಾಳೆ. ಮೂವತ್ತಮೂರು ಚೌಕದಲ್ಲಿ ಒಂದೇ ಪಾದ. ಅದನ್ನು ಕಂಡರೆ ಆ ಮನುಷ್ಯ ಗುಡ್ಡ ಇಳಿದು ಬಂದೇ ಬರ್ತಾನೆ. ಬಂದರೆ ಇವಳನ್ನು ಕಾಣ್ತಾನೆ, ಕೇಳ್ತಾನೆ. ಇವಳು ಹೇಳ್ತಾಳೆ." ನನ್ನ ಕಡೆ ತಿರುಗಿದಳು. "ಅಲ್ಲಿಯವರೆಗೆ ನೀನು ಕಟ್ಟಳೆ ಮುರಿಯಬಾರದು. ನನ್ನ ಜೊತೆ ಮಾತಾಡಬಾರದು, ನನ್ನ ಮಾತೆತ್ತಬಾರದು. ನಿನ್ನದೂ ತೊಳೆದುಹೋದರೆ ಹೇಳೋರು ಯಾರೂ ಉಳಿಯೋದಿಲ್ಲ ಕಣೇ."

"ಅವನು ಬರದಿದ್ದರೆ?" ಅಂದೆ.

ದೊಡ್ಡಮ್ಮ ಮೂಗು ಒರೆಸಿಕೊಂಡಳು. "ಬರದಿದ್ದರೆ ಮೂವತ್ತೆರಡು ದೆವ್ವಕ್ಕೆ ನೀನೊಬ್ಬಳು ಮಂತ್ರವಾದಿ."

ಬಟ್ಟೆ ಬಂತು. ತಾಯಿ ಹಾಸಿದಳು. ದೊಡ್ಡಮ್ಮ ಅದ್ದಿದಳು, ಊರಿದಳು, ಎತ್ತಿದಳು. ಚಕ್ರದಜ್ಜ ಅದ್ದಿದ, ಊರಿದ, ಎತ್ತಿದ. ಪಕ್ಕದ ಮನೆಯವಳು ಅಳುತ್ತಾ ಊರಿದಳು. ಕೆಂಪು ಗುರುತುಗಳು ಗೆರೆ ದಾಟಿ ಪಕ್ಕದ ಚೌಕಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ಹರಡಿದವು. ಕೊನೆಯಲ್ಲಿ ತಾಯಿ ತನ್ನದನ್ನು ಊರಿದಳು. ಆಮೇಲೆ ನನ್ನ ಚೌಕ. ಅದರ ಸುತ್ತ ಯಾರ ಗುರುತೂ ತಾಗದಂತೆ ತಾಯಿ ಎರಡು ಕಡೆಯೂ ಕೈ ಅಡ್ಡ ಹಿಡಿದಿದ್ದಳು. ನಾನು ಅದ್ದಿದೆ, ಊರಿದೆ, ಎತ್ತಿದೆ. ಒಂದೇ ಸಲ.

ಸುರುಳಿ ಗುಡ್ಡ ಹತ್ತುವವರೆಗೆ ನಾವಿಬ್ಬರೂ ಕೈ ಹಿಡಿದು ನಿಂತಿದ್ದೆವು. ಅದು ತಿರುವಿನಲ್ಲಿ ಮರೆಯಾದಾಗ ತಾಯಿಯೇ ಕೈ ಬಿಡಿಸಿಕೊಂಡಳು.

ಆ ವರ್ಷವನ್ನು ನಾನು ಹೇಗೆ ಹೇಳಲಿ? ಅಳತೆಮನೆಯಿಂದ ಸುದ್ದಿ ಬಂತು: ಹಗ್ಗದ ಬೀದಿಯಲ್ಲಿ ಒಬ್ಬಳು. ಮರುದಿನದಿಂದ ಊರಿನ ಪಾಲಿಗೆ ನಮ್ಮ ಬೀದಿ ಖಾಲಿಯಾಯಿತು. ಉಪ್ಪು ಮಾರುವವಳು ಬಂದು, ನೀಡಿದ ಕಾಲುಗಳನ್ನು ಗಾಳಿ ದಾಟಿದ ಹಾಗೆ ದಾಟಿ, ನನ್ನ ಹತ್ತಿರ ಕುಕ್ಕರಿಸಿದಳು. "ಅಯ್ಯೋ ಕೂಸೇ, ಒಬ್ಬಳೇ ಎಷ್ಟು ಹಗ್ಗ ಹೊಸೀತೀಯ! ಚಕ್ರ ಇಲ್ಲಿ ತಿರುಗಿಸಿ, ಓಡಿಹೋಗಿ ಅಲ್ಲಿ ಎಳೆ ಹಿಡಿಯುತ್ತೀಯಾ?" ಅವಳ ಬೆನ್ನ ಹಿಂದೆ ಹದಿನಾಲ್ಕು ಜನ ಎಳೆ ಹಿಡಿದು ಹಿಂದಕ್ಕೆ ನಡೆಯುತ್ತಿದ್ದರು. "ಹೌದು ಅಕ್ಕಾ," ಅಂದೆ. ದೊಡ್ಡಮ್ಮ ಅವಳ ಬುಟ್ಟಿಯಿಂದ ಒಂದು ಹಿಡಿ ಉಪ್ಪು ತೆಗೆದುಕೊಂಡಳು. ಕಾಣದವರು ತೆಗೆದುಕೊಂಡದ್ದು ಕಳ್ಳತನವೂ ಅಲ್ಲ.

ಮನೆಯೊಳಗೂ ಕಟ್ಟಳೆ ಕಟ್ಟಳೆಯೇ. ಮೊದಲ ಏಳು ದಿನ ನಾವು ಮಾತಾಡಲಿಲ್ಲ. ಎಂಟನೆಯ ದಿನ ನಾನು ಒಲೆಯ ಹತ್ತಿರ ಗೋಡೆಗೆ ಒರಗಿ ಕೂತಿದ್ದೆ. ಗೋಡೆಯ ಆ ಕಡೆ, ನಡುಮನೆಯಲ್ಲಿ, ಅವಳು ಮಲಗಿದ್ದಳು. ನನಗೆ ತಡೆಯಲಾಗಲಿಲ್ಲ. ಗೋಡೆಗೆ ಹೇಳಿದೆ.

"ಗೋಡೆ ಗಂಜಿ ಕುಡಿಯಿತೋ?"

ಬಹಳ ಹೊತ್ತಿನ ಮೇಲೆ ಆ ಕಡೆಯಿಂದ ಬಂತು: "ಗೋಡೆ ಕುಡಿಯಿತು. ಚಕ್ರ ಕುಡಿಯಿತೋ?"

"ಚಕ್ರ ಆಮೇಲೆ ಕುಡಿಯುತ್ತೆ."

"ಆಮೇಲೆ ಅಂದರೆ ಆರಿಹೋಗುತ್ತೆ. ಈಗಲೇ ಕುಡಿಯಬೇಕಂತೆ."

ಹಾಗೆ ಆ ವರ್ಷ ಕಳೆದೆವು. ಅವಳ ಮುಖವನ್ನು ನೇರ ನೋಡುತ್ತಿರಲಿಲ್ಲವಾದ್ದರಿಂದ, ನಾನು ಬೀದಿಯ ಮಣ್ಣಿನಲ್ಲಿ ಅವಳ ಹೆಜ್ಜೆ ನೋಡುತ್ತಿದ್ದೆ. ಅದು ಬೆರಳು ಬೆರಳಾಗಿ ಅಗಲವಾಗುತ್ತಿತ್ತು. ಹಿಮ್ಮಡಿಯ ಚಂದ್ರ ಮೊದಲು ಉದ್ದವಾಯಿತು, ಆಮೇಲೆ ಮಡಿಕೆಗಳ ನಡುವೆ ಮುಳುಗಿಹೋಯಿತು. ದೋಣಿ ಬಂತು. ನಮ್ಮ ಕಡವಿನ ಮುಂದೆ ಹುಟ್ಟು ಎತ್ತಬೇಕೋ ಬೇಡವೋ ತಿಳಿಯದೆ ದೋಣಿಯವರು ಅರ್ಧ ಎತ್ತಿದರು. ದಡದಲ್ಲಿ ನಾನೊಬ್ಬಳು ಕೈ ಮುಗಿದೆ. ಗುಡ್ಡದಿಂದ ಯಾರೂ ಇಳಿಯಲಿಲ್ಲ. ಹಿತ್ತಾಳೆಯ ಪಾದಗಳು ಹಸಿರುಗಟ್ಟಿದವು.

ಬಟ್ಟೆ ಓದುವವನು ಬಂದದ್ದು ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ. ಅಷ್ಟು ಮುದುಕನೆಂದು ನಾನು ಎಣಿಸಿರಲಿಲ್ಲ. ಬಗಲಲ್ಲಿ ಅಳತೆಕೋಲು, ಕಾಲಿಗೆ ಅಭ್ಯಾಸವಿಲ್ಲದ ಕೆಸರು. ಅವನು ನೆಲ ನೋಡುತ್ತಾ, ಒದ್ದೆ ಮಣ್ಣಿನಲ್ಲಿ ಮೂಡಿದ ಹೆಜ್ಜೆಗಳನ್ನು ಹಿಡಿದು ಬರುತ್ತಿದ್ದ. ಎಲ್ಲ ಹೆಜ್ಜೆಯ ಬೆರಳೂ ಚಕ್ರದ ಕಡೆಗೆ. ನಡೆದವರು ಹಿಂದಕ್ಕೆ ನಡೆದು ಬೀದಿಯ ಇನ್ನೊಂದು ತುದಿಯಲ್ಲಿ ನಿಂತಿದ್ದರು. ಅವನು ಅವರ ಹೆಜ್ಜೆ ಹಿಡಿದು ನನ್ನ ಹತ್ತಿರ ಬಂದ. ಚಕ್ರದ ಹಿಂದೆ ನಮ್ಮ ಮನೆಯ ಗೋಡೆ. ಗೋಡೆಯ ಮಗ್ಗುಲಲ್ಲಿ ತಾಯಿ. ಆ ದಿನಗಳಲ್ಲಿ ಅವಳಿಗೆ ಹಿಂದಕ್ಕೂ ಮುಂದಕ್ಕೂ ಹೆಚ್ಚು ನಡೆಯಲು ಆಗುತ್ತಿರಲಿಲ್ಲ.

"ಮಗೂ," ಅಂದ. "ಈ ಬೀದಿಯಲ್ಲಿ ಮೂವತ್ತಮೂರು ಪಾದ ಇದ್ದವು. ಇಡೀ ಊರಿನಲ್ಲೇ ಅಂಥ ಪಾದ ಇಲ್ಲ. ಎಲ್ಲಿ ಹೋದರು ಅವರು?"

ನನ್ನ ಕೈ ಚಕ್ರದ ಮೇಲೆ ನಿಂತಿತು.

"ಇದೇನು?" ಅವನು ಕೋಲಿನಿಂದ ನೆಲ ತೋರಿಸಿದ. "ಬೀದಿಯ ತುಂಬ ಇದೆ. ಯಾವ ಪ್ರಾಣಿಯನ್ನು ಸಾಕಿದ್ದೀರಿ?"

ಹೇಳಬೇಕಾದ ಮಾತನ್ನು ವರ್ಷವೆಲ್ಲ ಬಾಯೊಳಗೆ ಇಟ್ಟುಕೊಂಡಿದ್ದೆ. ಹೇಳಿದರೆ ನಾನೂ ಇರುವುದಿಲ್ಲ. ಅವನಿಗೆ ಕೇಳಿಸದೇ ಹೋದರೆ ಎರಡೂ ಕೆಟ್ಟವು.

"ಅದು ನನ್ನ ತಾಯಿಯದು ಸ್ವಾಮಿ," ಅಂದೆ.

ಅವನ ಮುಖ ಬಿಗಿಯಿತು. "ನಿನ್ನ ತಾಯಿ ಬಟ್ಟೆಯ ಮೇಲೆ ಇಲ್ಲ."

"ಬಟ್ಟೆಯಲ್ಲಿ ಹಿಡಿಸಲಿಲ್ಲ."

"ಹಿಡಿಸದ್ದು ಪಾದವಲ್ಲ."

"ನಿಮ್ಮ ಕಾಲನ್ನು ಅದರೊಳಗೆ ಇಟ್ಟು ನೋಡಿ ಸ್ವಾಮಿ."

ಅವನು ಅಳತೆಕೋಲನ್ನು ಗೋಡೆಗೆ ಒರಗಿಸಿದ. ಆಮೇಲೆ, ತಣ್ಣೀರಿಗೆ ಇಳಿಯುವವನ ಹಾಗೆ, ಬಲಗಾಲನ್ನು ಎತ್ತಿ ತಾಯಿಯ ಹೆಜ್ಜೆಯೊಳಗೆ ಇಟ್ಟ. ಅದು ಅಪ್ಪನ ಚಪ್ಪಲಿಯಲ್ಲಿ ಕೂಸಿನ ಕಾಲು ಇಟ್ಟ ಹಾಗೆ ಕೂತಿತು. ಸುತ್ತಲೂ ಜಾಗ ಉಳಿದಿತ್ತು. ಆ ಜಾಗಕ್ಕೆ ಮಳೆನೀರು ಇಳಿಯುತ್ತಿತ್ತು.

"ಎಷ್ಟು ಜನ?" ಅಂದ.

"ಮೂವತ್ತೆರಡು."

"ಹಾಗಾದರೆ ನಾನು ಹನ್ನೊಂದು ವರ್ಷ ಓದಿದ ಪಾದ? ಹಿಮ್ಮಡಿಯಲ್ಲಿ ಚಂದ್ರ ಇದ್ದದ್ದು? ಅದರ ಮೇಲೆ ಏಳು ಓಲೆ ಬರೆದಿದ್ದೇನೆ."

"ಅದೂ ತಾಯಿಯದೇ. ಗೂಟ ತಾಗಿ ಆದ ಗೀರು."

ಅವನು ಕಣ್ಣು ಮುಚ್ಚಿದ. ಬೀದಿಯ ಆ ತುದಿಯಿಂದ ದೊಡ್ಡಮ್ಮನ ಧ್ವನಿ ಬಂತು, ಕೊಕ್ಕರೆ ಏಳುವಂತೆ: "ಹಿತ್ತಾಳೆ ಪಾದ ಹನ್ನೊಂದಿವೆ, ಹೋಗುವಾಗ ಹೊತ್ತುಕೊಂಡು ಹೋಗಲಿಕ್ಕೆ ಹೇಳೇ ಅಲ್ಲಿ ನಿಂತಿರೋ ಕಂಬಕ್ಕೆ!"

ಕೇಳಿಸಿತೋ ಇಲ್ಲವೋ, ಅವನು ಕಾಲು ಎತ್ತಲು ಹೋದ. ಕೆಸರು ಹಿಡಿದಿತ್ತು. ಎಳೆದ, ತೂಗಾಡಿದ, ಬೀಳುವುದರಲ್ಲಿದ್ದ. ಗೋಡೆಯ ಮಗ್ಗುಲಿಂದ ತಾಯಿ ಕೈ ಚಾಚಿ ಅವನ ರಟ್ಟೆ ಹಿಡಿದಳು. ಅವನು ಆ ಕೈಯನ್ನು ಹಿಡಿದು ನಿಂತ. ಅವಳ ಕಡೆ ನೋಡಲಿಲ್ಲ. ಕಟ್ಟಳೆ ಅವನಿಗೂ ಇತ್ತು. ಅವನೇ ಅದನ್ನು ಓದುವವನು. ನನ್ನನ್ನೂ ನೋಡಲಿಲ್ಲ. ನಮ್ಮ ಮನೆಯ ಗೋಡೆಯನ್ನು ನೋಡಿದ.

"ಗೋಡೆಗೆ," ಅಂದ. ಅವನ ಧ್ವನಿ ಸಣ್ಣದಾಗಿತ್ತು. "ಗೋಡೆಗೆ ತುಂಬ ನೋವಿದೆಯೋ?"

"ಮಳೆಗಾಲದಲ್ಲಿ," ಅಂದಳು ತಾಯಿ.

ಅವನು ತಲೆದೂಗಿ, ಕೈ ಬಿಡಿಸಿಕೊಂಡು, ಬಂದ ದಾರಿಯಲ್ಲಿ ಹೋದ. ಅಳತೆಕೋಲನ್ನು ಗೋಡೆಗೆ ಒರಗಿಸಿದ್ದನ್ನು ಮರೆತಿದ್ದ. ಅರ್ಧ ದಾರಿಯಿಂದ ಹಿಂದಿರುಗಿ ಬಂದು ಅದನ್ನು ತೆಗೆದುಕೊಂಡು ಹೋದ.

ನನ್ನ ಪಾದವನ್ನು ಅವನು ತೊಳೆಯಲಿಲ್ಲ. ಮಳೆ ನಿಂತ ಮೇಲೆ ಬಟ್ಟೆ ಬಂತು. ತಾಯಿ ಬಿಚ್ಚಿ ನೋಡಿದಳು. ಕಪ್ಪು ದಾರದ ಗೆರೆಗಳನ್ನು ಬಿಚ್ಚಿ ಮತ್ತೆ ಹೊಲಿದಿದ್ದರು. ಹಳೆಯ ಹೊಲಿಗೆಯ ತೂತುಗಳು ಇನ್ನೂ ಕಾಣುತ್ತಿದ್ದವು. ಚೌಕಗಳು ಸುತ್ತಲೂ ನಾಲ್ಕು ನಾಲ್ಕು ಬೆರಳು ಅಗಲವಾಗಿದ್ದವು.

ಹತ್ತೊಂಬತ್ತು ಜನ ಹಿಡಿಸಿದರು. ಪಕ್ಕದ ಮನೆಯವಳು ತನ್ನ ಕಾಲನ್ನು ಎತ್ತಿ, ಗೆರೆಯೊಳಗೆ ನಿಂತ ಕೆಂಪು ಗುರುತನ್ನು ನೋಡಿ, ಅಲ್ಲೇ ಕೂತುಬಿಟ್ಟಳು. ದೊಡ್ಡಮ್ಮ ಹಿಡಿಸಲಿಲ್ಲ. ಚಕ್ರದಜ್ಜ ಹಿಡಿಸಲಿಲ್ಲ. ತಾಯಿಯ ಕಾಲು ಆ ಹೊತ್ತಿಗೆ ಹಳೆಯ ಗೆರೆಯನ್ನು ಐದು ಬೆರಳು ದಾಟಿತ್ತು.

ನಾನು ಬೋಗುಣಿಯಲ್ಲಿ ಮತ್ತೆ ಕಾಲು ಅದ್ದಿದೆ. ಅವಳ ಚೌಕದ ಮೇಲೆ ಎತ್ತಿದೆ. ಅವಳು ಬಗ್ಗಿ ನನ್ನ ಕಣಕಾಲು ಹಿಡಿದಳು. ಹಗ್ಗ ಹೊಸೆದ ಕೈ, ಬಿಡಿಸಿಕೊಳ್ಳಲಾಗಲಿಲ್ಲ. ನನ್ನ ಕಾಲನ್ನು ನೆಲಕ್ಕೆ ಇಳಿಸಿ, ತನ್ನದನ್ನು ಅದ್ದಿ, ಗೆರೆಯ ಮೇಲೆಯೇ ಊರಿದಳು.

"ಇನ್ನೊಂದು ಬೆರಳು ಬೇಕು ಅಂತ ಅವನಿಗೆ ಯಾರು ಹೇಳೋರು?" ಅಂದಳು ಗೋಡೆಗೆ.

ನಮ್ಮ ಕಡವಿನಲ್ಲಿ ಹಳದಿ ಬಾವುಟ ಏರಿತು. ದೋಣಿ ನಿಂತಿತು. ಮದ್ದು ಕಹಿ, ಬೇವಿಗಿಂತ ಕಹಿ. ಬೆಳೆದ ಕಾಲು ಇದರಿಂದ ಇಳಿಯುವುದಿಲ್ಲ, ಬೆಳೆಯದ ಕಾಲು ಬೆಳೆಯುವುದಿಲ್ಲ ಅಂದರು ದೋಣಿಯವರು. ಬಟ್ಟೆಯ ಮೇಲೆ ಇದ್ದವರಿಗೆ ಮಾತ್ರ ಕೊಟ್ಟರು. ನನಗೆ ಕೊಟ್ಟರು. ತಾಯಿ ದಡದಲ್ಲಿ ನಿಂತು ನಾನು ನುಂಗುವುದನ್ನು ನೋಡಿದಳು. ನನ್ನ ಗಂಟಲು ಏರಿ ಇಳಿಯುವವರೆಗೆ ನೋಡಿದಳು.

ಅವನು ಪ್ರತಿ ವರ್ಷ ಗೆರೆಯನ್ನು ಒಂದು ಬೆರಳು ಜರುಗಿಸಿದ. ಅಳಿಸಿಬಿಡಲು ಅವನಿಗೆ ಅಧಿಕಾರ ಇರಲಿಲ್ಲವೋ, ಧೈರ್ಯ ಇರಲಿಲ್ಲವೋ ತಿಳಿಯದು. ದೊಡ್ಡಮ್ಮ ಮೂರನೆಯ ವರ್ಷ ಹಿಡಿಸಿ, ಅದೇ ದಿನ ಬಾವಿಕಟ್ಟೆಗೆ ಹೋಗಿ ಊರಿಗೆಲ್ಲ ಕೇಳುವ ಹಾಗೆ ಬೈದು ಬಂದಳು. ತಾಯಿಯ ಕಾಲು ಮಾತ್ರ ಗೆರೆಗಿಂತ ಸದಾ ಒಂದು ಕಾಳಿನಷ್ಟು ಮುಂದೆ. ಬೀದಿಯವರೆಲ್ಲ ಅವಳೊಡನೆ ಗೋಡೆಯ ಮೂಲಕವೇ ಮಾತಾಡುತ್ತಿದ್ದರು. ಅವರ ಎಣ್ಣೆಗೂದಲು ಒರಗಿ ಒರಗಿ ನಮ್ಮ ಗೋಡೆಯಲ್ಲಿ ಸಾಲಾಗಿ ಕಪ್ಪು ಗುರುತುಗಳು ಬಿದ್ದಿದ್ದವು.

ಗೆರೆ ಜರುಗಿದ ಮೇಲಿನ ಏಳನೆಯ ಮಳೆಗಾಲದಲ್ಲಿ ತಾಯಿಗೆ ಬಂದ ಜ್ವರ ಬಿಡಲಿಲ್ಲ. ಇಲ್ಲದವರು ಸತ್ತರೆ ಅಳುವ ಕಟ್ಟಳೆ ನಮ್ಮೂರಿನಲ್ಲಿ ಇರಲಿಲ್ಲ. ಹಗ್ಗದ ಬೀದಿಯವರೆಲ್ಲ ಬಂದು, ನಮ್ಮ ಮನೆಯ ಗೋಡೆಗೆ ಹಣೆ ಒತ್ತಿ ಅತ್ತರು.

ಆ ವರ್ಷದ ಬಟ್ಟೆಯನ್ನು ಹಾಸಿದವಳು ನಾನು. ಬಿಚ್ಚುತ್ತಾ ಹೋದೆ. ಕೊನೆಯಲ್ಲಿ ತಾಯಿಯ ಚೌಕವೂ ಬಂದಿತ್ತು. ಇರದವಳು ಸತ್ತಳೆಂದು ಗುಡ್ಡದ ಮೇಲೆ ಎಲ್ಲಿ ಬರೆಯುವುದು? ನಾನು ಅಂಗೈ ಹಾಸಿ ಅಳೆದೆ. ಈ ಸಲ ಎರಡು ಬೆರಳು ಜರುಗಿಸಿದ್ದ. ಅವಳ ಕಾಲು ಅದರಲ್ಲಿ ಹಿಡಿಸುತ್ತಿತ್ತು. ಸುತ್ತ ಇಷ್ಟು ಜಾಗವೂ ಉಳಿಯುತ್ತಿತ್ತು.

ದೊಡ್ಡಮ್ಮ ನನ್ನ ಭುಜ ಹಿಡಿದು ನಿಂತಿದ್ದಳು. ಅವಳ ದೊಡ್ಡ ಬಾಯಿಯಿಂದ ಸಣ್ಣ ಧ್ವನಿ ಬಂತು. "ನಿನ್ನದು ಇಟ್ಟುಬಿಡು ಮಗಾ. ಒಂದು ವರ್ಷವಾದರೂ ಇರಲಿ ನನ್ನ ತಂಗಿ."

ನನ್ನ ಕಾಲು ಕೆಂಪು ನೀರಿನಲ್ಲೇ ಇತ್ತು. ಎತ್ತಿದೆ. ಬೆರಳಿನಿಂದ ನೀರು ತೊಟ್ಟಿಕ್ಕಿತು. ಬಟ್ಟೆಯ ಅಂಚು ದಾಟಿ, ಬರಿಯ ನೆಲದ ಮೇಲೆ ಊರಿದೆ.

"ಖಾಲಿ ಇರಲಿ ದೊಡ್ಡಮ್ಮ," ಅಂದೆ. "ಖಾಲಿ ಅಂತಲೇ ಓದಲಿ."

ಸುರುಳಿ ಸುತ್ತಿ ಗುಡ್ಡಕ್ಕೆ ಕಳಿಸಿ ಮನೆಗೆ ಬಂದೆ. ಗಂಜಿ ಇಳಿಸಿದೆ. ಒಲೆಯ ಹತ್ತಿರ ಗೋಡೆಗೆ ಒರಗಿ ಕೇಳಿದೆ, ಗೋಡೆ ಗಂಜಿ ಕುಡಿಯಿತೋ ಎಂದು.

ಆ ಊರು ಬಿಟ್ಟು ಎಷ್ಟೋ ಊರು ದಾಟಿ ಬಂದಿದ್ದೇನೆ. ಇಲ್ಲಿಯ ಗೋಡೆಗಳು ಬೇರೆ. ನನ್ನ ಕಾಲು ಹಾಗೆಯೇ ಇದೆ, ಒಂದು ಕಾಳಿನಷ್ಟೂ ಬೆಳೆದಿಲ್ಲ. ಇವತ್ತಿಗೂ ಗಂಜಿ ಇಳಿಸಿದಾಗ ಕೇಳುತ್ತೇನೆ. ಕೇಳಿ, ಕೈ ಬಿಟ್ಟ ಚಕ್ರ ತಾನಾಗಿ ನಿಲ್ಲಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತೇನೆ.